ಅಂಬುಜಾಕ್ಷಿಯ ಮೂರನೆಯ ಭಾಗ

ಕಳೆದ ತಿಂಗಳು ಪರೀಕ್ಷೆಯ ಕೆಲಸಕ್ಕೆಂದು ಕೊರಟಗೆರೆಗೆ ಹೋಗಿದ್ದೆ. ನನಗೆ ಇಳಿದುಕೊಳ್ಳಲು ಕೊಟ್ಟಿದ್ದ ಕೋಣೆಯ ಪಕ್ಕದಲ್ಲಿ ಒಂದು ಮಂಡಿ. ಬೆಳಿಗ್ಗೆ ಕಿಟಕಿ ತೆರೆದ ಕೂಡಲೇ ಹೊಸ ಹುಣಸೆಹಣ್ಣಿನ ವಾಸನೆ ಒಳಗೆ ಬಂತು. ಬಿಸಿಲಿಗೆ ಕಾದ ಓಡಿನ ವಾಸನೆ, ತಳ ಹತ್ತಿದ ಬೆಲ್ಲದ ಪಾಕದ ಹಾಗೆ. ಆ ದಿನ ಮಾಡಬೇಕಾದ ಕೆಲಸ ಬಹಳವಿತ್ತು. ಆದರೂ ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದೆ. ಮಧುಗಿರಿಯಲ್ಲಿ ನಾನು ಕಳೆದ ಒಂದು ವರ್ಷ ನೆನಪಿಗೆ ಬಂತು. ಸರಿಯಾಗಿ ಹೇಳಬೇಕೆಂದರೆ, ಒಂದು ಹುಣಸೆ ಸುಗ್ಗಿಯಿಂದ ಮುಂದಿನ ಹುಣಸೆ ಸುಗ್ಗಿಯವರೆಗಿನ ಕಾಲ.

ಯುದ್ಧ ನಡೆಯುತ್ತಿತ್ತು. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ, ಮಧುಗಿರಿಯ ಹೆಣ್ಣುಮಕ್ಕಳ ಶಾಲೆಗೆ ಉಪಾಧ್ಯಾಯಿನಿಯಾಗಿ ಬಂದಿದ್ದೆ. ಗಂಗಮ್ಮನವರ ಮನೆಯ ಮುಂದಿನ ಕೋಣೆ ನನ್ನದು. ಗಂಗಮ್ಮನವರಿಗೆ ಐವತ್ತು ದಾಟಿತ್ತು, ಗಂಡ ಇರಲಿಲ್ಲ. ಸುತ್ತಲ ಊರುಗಳ ಹುಣಸೆಮರಗಳ ಫಸಲನ್ನು ಗುತ್ತಿಗೆ ಹಿಡಿದು, ಹಣ್ಣು ಬಿಡಿಸಿ, ಉಂಡೆ ಕಟ್ಟಿಸಿ ಪೇಟೆಗೆ ಕಳಿಸುವ ವ್ಯಾಪಾರವನ್ನು ಅವರೇ ನಡೆಸುತ್ತಿದ್ದರು. ಒಬ್ಬನೇ ಮಗ ಚನ್ನಬಸವ. ನಾನು ಬರುವುದಕ್ಕೆ ಎರಡು ವರ್ಷ ಮುಂಚೆ, ಯಾವುದೋ ಮಾತಿಗೆ ಮುನಿಸಿಕೊಂಡು ಮನೆ ಬಿಟ್ಟಿದ್ದ. ಮುಂಬಯಿಯಿಂದ ಒಂದು ಕಾಗದ ಬಂದಿತ್ತು. ಆಮೇಲೆ ಏನೂ ಇಲ್ಲ. ಅವನ ಹೆಂಡತಿ ಪಾರ್ವತಿ ಅತ್ತೆಯ ಜೊತೆಯಲ್ಲೇ ಇದ್ದಳು. ಅವಳಿಗೆ ನನಗಿಂತ ಮೂರು ನಾಲ್ಕು ವರ್ಷ ಕಡಿಮೆ.

ಮಾಘಮಾಸ ಕಳೆಯುತ್ತಿದ್ದ ಹಾಗೆ ಗಾಡಿಗಳಲ್ಲಿ ಹಣ್ಣು ಬಂದು ಪಡಸಾಲೆಯಲ್ಲಿ ಬೀಳುತ್ತಿತ್ತು. ಐದಾರು ಹೆಂಗಸರು ಕೂತು ಓಡು ಒಡೆದು, ನಾರು ತೆಗೆದು, ಕೊಡತಿಯಿಂದ ಕುಟ್ಟಿ ಬೀಜ ಬೇರೆ ಮಾಡುತ್ತಿದ್ದರು. ನಾನು ಶಾಲೆಯಿಂದ ಬಂದು ನನ್ನ ಕೋಣೆಯ ಹೊಸ್ತಿಲಲ್ಲಿ ಓದುತ್ತ ಕೂರುತ್ತಿದ್ದೆ. ಒಂದು ದಿನ ಅವರಲ್ಲೊಬ್ಬರಾದ ಜುಲೇಖಾಬಿ ಕೊಡತಿ ಕೆಳಗಿಟ್ಟರು. ಅವರ ಗಂಡ ಪಾತ್ರೆಗಳಿಗೆ ಕಲಾಯಿ ಹಾಕುವವರು. ಸಿರಾದಿಂದ ಬಂದು ಮಧುಗಿರಿಯಲ್ಲಿ ನೆಲೆಸಿದ ಸಂಸಾರ.

"ಏನ್ ಮೇಷ್ಟ್ರಮ್ಮ, ನಿಮ್ಮಷ್ಟಕ್ಕೆ ನೀವೇ ನಗ್ತಾ ಇದೀರಲ್ಲ. ಒಬ್ರೇ ತಿನ್ನೋದೂ ಒಬ್ರೇ ಓದೋದೂ ಎರಡೂ ಒಂದೇ. ನಮಗೂ ಅಷ್ಟು ಕೊಡ್ರಿ."

ನಾನು ನಕ್ಕಿರಲಿಲ್ಲ ಎಂದು ನನ್ನ ನೆನಪು. ಆದರೆ ಕೊಡದಿರಲು ಕಾರಣವೂ ಇರಲಿಲ್ಲ. ಓದುತ್ತಿದ್ದದ್ದು ಒಂದು ಕಾದಂಬರಿ, ಮೂರು ಭಾಗಗಳಲ್ಲಿ ಬರಬೇಕಾದದ್ದು. ಮೊದಲ ಎರಡು ನನ್ನ ಹತ್ತಿರವಿದ್ದವು. ಅಂಬುಜಾಕ್ಷಿ ಎಂಬವಳ ಗಂಡ ಹಡಗು ಹತ್ತಿ ಹೋಗಿ ತಿರುಗಿ ಬರುವುದಿಲ್ಲ. ಅವಳು ಅವನನ್ನು ಹುಡುಕಿಕೊಂಡು ಹೊರಡುತ್ತಾಳೆ. ದೊಡ್ಡ ಪುಸ್ತಕವೇನಲ್ಲ. ಆದರೆ ಬರೆದವರಿಗೆ ಒಂದು ಅಧ್ಯಾಯವನ್ನು ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿತ್ತು.

ಮರುದಿನ ನಾನು ಬರುವ ಹೊತ್ತಿಗೆ ಗಂಗಮ್ಮನವರು ಪಡಸಾಲೆಯ ಒಂದು ಮೂಲೆಯನ್ನು ಸಾರಿಸಿ, ಮಣೆ ಹಾಕಿ, ದೀಪ ಹಚ್ಚಿದ್ದರು. ಪುಸ್ತಕಕ್ಕೆ ವಿಭೂತಿ ಹಚ್ಚಿ ಹೂ ಇಟ್ಟರು. ಆ ಮನೆಯಲ್ಲಿ ಗಟ್ಟಿಯಾಗಿ ಓದುವುದೆಂದರೆ ಪುರಾಣ ಹಚ್ಚುವುದು. ಬೇರೆ ಓದು ಅವರು ಕಂಡಿರಲಿಲ್ಲ. ಪುರಾಣಕ್ಕೆ ಕಟ್ಟಳೆಗಳಿದ್ದವು. ಶುರುವಾದ ಮೇಲೆ ಅರ್ಧಕ್ಕೆ ಬಿಡಬಾರದು. ಕೊನೆಯಲ್ಲಿ ಮಂಗಳ ಹಾಡಬೇಕು. ಮಂಗಳವಾಗುವ ತನಕ ಆ ಮನೆಯಲ್ಲಿ ಮದುವೆಯ ಮಾತು ತೆಗೆಯಬಾರದು. ಇದು ಕಾದಂಬರಿ, ಪುರಾಣವಲ್ಲ ಎಂದು ನಾನು ಅಂದೇ ಹೇಳಬಹುದಿತ್ತು. ಹೂ ಇಟ್ಟಾಗಿತ್ತು. ಓದಿದೆ.

ಯುಗಾದಿಯ ಹೊತ್ತಿಗೆ ಎರಡು ಭಾಗಗಳೂ ಮುಗಿದವು. ಎರಡನೆಯ ಭಾಗದ ಕೊನೆಯಲ್ಲಿ ಅಂಬುಜಾಕ್ಷಿ ಒಂದು ಪಾಳುಕೋಟೆಯಲ್ಲಿ ಒಬ್ಬಳೇ ಇರುತ್ತಾಳೆ. ಹೊರಗೆ ಗಾಳಿಮಳೆ. ಯಾರೋ ಬಾಗಿಲನ್ನು ಮೂರು ಸಲ ತಟ್ಟುತ್ತಾರೆ. ಅವಳು ಅಗಳಿಯ ಮೇಲೆ ಕೈಯಿಡುತ್ತಾಳೆ. ಅಷ್ಟೆ. ಕೆಳಗೆ ಸಣ್ಣಕ್ಷರದಲ್ಲಿ "ಮೂರನೆಯ ಭಾಗ ಅಚ್ಚಿನಲ್ಲಿದೆ" ಎಂದಿತ್ತು. ಅದನ್ನೂ ಓದಿದೆ.

"ಅಷ್ಟೇಯಾ?" ಎಂದಳು ಹನುಮಕ್ಕ. ಕೆಲಸದವರಲ್ಲಿ ಅವಳದೇ ಬಾಯಿ ದೊಡ್ಡದು. "ಬರ್ದೋನ ಕೈ ಸೇದೋಗ! ಬಾಗ್ಲು ತೆಗ್ಸಿ ಮಲಗಾಕೇನಾಗಿತ್ತು ಅವ್ನಿಗೆ?"

"ಬಯ್ಬ್ಯಾಡ ಕಣೆ," ಎಂದರು ಗಂಗಮ್ಮ. "ಬಂದಿರೋನು ಗಂಡಾನೇ. ಇನ್ಯಾರು ಬತ್ತಾರೆ ಆ ಮಳೇಲಿ?"

"ಗಂಡ ಆಗಿದ್ರೆ ತಟ್ತಿರ್ಲಿಲ್ಲ, ಒದೀತಿದ್ದ," ಎಂದಳು ಹನುಮಕ್ಕ. ಎಲ್ಲರೂ ನಕ್ಕರು. ಪಾರ್ವತಿ ಮಾತ್ರ ನಾರು ತೆಗೆಯುತ್ತ ತಲೆಯೆತ್ತಲಿಲ್ಲ.

ಮೂರನೆಯ ಭಾಗಕ್ಕಾಗಿ ಅಂಗಡಿಗೆ ಬರೆದೆ. ಬಂದಿಲ್ಲವೆಂದರು. ಹುಣಸೆಯ ಕೆಲಸ ಮುಗಿಯಿತು, ಕಡಲೆಕಾಯಿಯ ಕೆಲಸ ಬಂತು. ಹೆಂಗಸರು ಅದೇ ಪಡಸಾಲೆಗೆ ಬಂದರು, ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಆಷಾಢದಲ್ಲಿ ನಾನು ಗ್ರಂಥಕರ್ತರಿಗೇ ಒಂದು ಕಾಗದ ಬರೆದೆ. ಮಧುಗಿರಿಯಲ್ಲಿ ಇಷ್ಟು ಜನ ಕಾದಿದ್ದಾರೆ ಎಂದಷ್ಟೇ ಬರೆದ ನೆನಪು. ಒಂದೂವರೆ ತಿಂಗಳ ಮೇಲೆ ಕಾರ್ಡು ಬಂತು. ಬಾಗಿಲಾಚೆ ಯಾರು ನಿಂತಿದ್ದಾರೆಂದು ತಮಗೂ ಇನ್ನೂ ತಿಳಿದಿಲ್ಲ, ತಿಳಿದ ಮೇಲೆ ಬರೆಯುವುದಾಗಿ, ವಾಚಕರು ಸೈರಿಸಬೇಕೆಂದು ಅದರಲ್ಲಿತ್ತು. ಓದಿ ಹೇಳಿದೆ. ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಆಗಲಿಲ್ಲ.

"ಪಾಪ," ಎಂದರು ಜುಲೇಖಾಬಿ. "ಸಬೂರ್ ಮಾಡ್ಬೇಕು. ತವರ ಸರಿಯಾಗಿ ಕರಗೋಕ್ ಮುಂಚೆ ಎಳೆದ್ರೆ ಕಲಾಯಿ ನಿಲ್ಲಲ್ಲ ಅಂತಾರೆ ನಮ್ ಯಜಮಾನ್ರು."

"ಎಮ್ಮೆ ಈಯೋವಾಗ ಬಾಲ ಹಿಡ್ದು ಎಳೆಯಾಕಾಯ್ತದಾ?" ಎಂದರು ಗಂಗಮ್ಮ.

"ಎಮ್ಮೆ ಗಬ್ಬ ಆಗೈತೋ ಇಲ್ವೋ, ಅದ್ನ ಮೊದ್ಲು ಕೇಳಿ," ಎಂದಳು ಹನುಮಕ್ಕ.

ಹಳೆಯ ಎರಡು ಭಾಗಗಳನ್ನೇ ಮತ್ತೆ ಓದಲು ಹೇಳಿದರು. ಓದಿದೆ. ಮೊದಲ ಸಲ ಕೇಳಿಸಿಕೊಳ್ಳದ ಸಣ್ಣ ಸಂಗತಿಗಳನ್ನು ಅವರು ಈಗ ಹಿಡಿಯುತ್ತಿದ್ದರು. ಮೂರನೆಯ ಅಧ್ಯಾಯದಲ್ಲಿ ಅಂಬುಜಾಕ್ಷಿಗೆ ದಾರಿಯಲ್ಲಿ ನೀರು ಕೊಟ್ಟ ಮುದುಕಿಗೆ ಒಂದು ಕಣ್ಣಿರಲಿಲ್ಲ, ಹತ್ತನೆಯ ಅಧ್ಯಾಯದಲ್ಲಿ ಎರಡೂ ಇದ್ದವು. ಇದನ್ನು ಕಂಡುಹಿಡಿದದ್ದು ಜುಲೇಖಾಬಿ. ನಾನು ಎರಡು ಸಲ ಓದಿಯೂ ಗಮನಿಸಿರಲಿಲ್ಲ.

ಆ ಮಳೆಗಾಲದಲ್ಲೇ ಪಾರ್ವತಿಯ ಅಣ್ಣ ರುದ್ರಪ್ಪ ಪುರವರದಿಂದ ಗಾಡಿ ಕಟ್ಟಿಕೊಂಡು ಬಂದದ್ದು. ಹೋದವನು ಬರುವುದಿಲ್ಲ, ಕುಲದ ಹಿರಿಯರನ್ನು ಕೂರಿಸಿ ತಂಗಿಗೆ ಬಿಡುಗಡೆ ಮಾಡಿಸಿ, ಬೇರೆ ಕಡೆ ಉಡಿಕೆ ಮಾಡಿಕೊಡುವುದು ಅವನ ಮನಸ್ಸು. ಉಡಿಕೆಯೆಂದರೆ ಸೀರೆ ಉಡಿಸಿ ಕಳಿಸುವ ಎರಡನೆಯ ಮದುವೆ. ತೋವಿನಕೆರೆಯಲ್ಲಿ ಹೆಂಡತಿ ಸತ್ತ ಒಬ್ಬರಿದ್ದರು, ನಾಲ್ಕು ಮಕ್ಕಳು, ಒಳ್ಳೆಯ ಜಮೀನು. ಪಾರ್ವತಿ ಬಾಗಿಲ ಹಿಂದೆ ನಿಂತಿದ್ದಳು. ಅಣ್ಣನ ಎದುರು ಅವಳು ಮಾತಾಡಿದ್ದನ್ನು ನಾನು ಎಂದೂ ಕೇಳಿಲ್ಲ.

ಗಂಗಮ್ಮನವರು ಎಲೆಯಡಿಕೆ ಮುಂದಿಟ್ಟು, "ಈಗ ಆ ಮಾತು ತೆಗೀಬ್ಯಾಡಪ್ಪ. ಮನೇಲಿ ಪುರಾಣ ನಡೀತೈತೆ," ಎಂದರು.

"ಯಾವ ಪುರಾಣ?"

"ಅಂಬುಜಾಕ್ಷಿ ಪುರಾಣ."

ರುದ್ರಪ್ಪ ನನ್ನ ಕಡೆ ತಿರುಗಿದ. ಆತ ತನ್ನ ಊರಿನಲ್ಲಿ ಶ್ರಾವಣದ ಪುರಾಣಕ್ಕೆ ಎಣ್ಣೆ ಕೊಡುವ ಮನುಷ್ಯ. "ಕೇಳೇ ಇಲ್ವಲ್ಲ ಅಮ್ಮಾವ್ರೇ. ಎಷ್ಟು ಸಂಧಿ ಐತೆ?"

"ಅದು ಪುರಾಣವಲ್ಲ. ಕಾದಂಬರಿ," ಎಂದೆ.

"ದೀಪ ಹಚ್ಚಿದ್ರಾ?"

"ಹಚ್ಚಿದರು."

"ವಿಭೂತಿ ಇಟ್ರಾ?"

"ಇಟ್ಟರು."

"ಹಂಗಾದ್ರೆ ಪುರಾಣಾನೇ ಬುಡಿ. ಮಂಗಳ ಯಾವಾಗ?"

"ಮೂರನೆಯ ಭಾಗ ಬಂದ ಮೇಲೆ."

ಅವನು ಬಹಳ ಹೊತ್ತು ಯೋಚಿಸಿದ. ಅರ್ಧಕ್ಕೆ ಬಿಟ್ಟರೆ ಎರಡೂ ಮನೆಗೆ ಒಳ್ಳೆಯದಲ್ಲ ಎಂದು ತಾನೇ ಹೇಳಿದ. ತೋವಿನಕೆರೆಯವರಿಗೆ ಏನಾದರೂ ಹೇಳಿ ತಡೆಯುತ್ತೇನೆ ಎಂದ. ಗಾಡಿ ಹತ್ತುವ ಮುಂಚೆ, "ಎರಡ್ನೇ ಭಾಗದಾಗೆ ಎಲ್ಲಿಗೆ ನಿಂತೈತೆ?" ಎಂದು ಕೇಳಿದ. ಹೇಳಿದೆ. "ಥತ್!" ಎಂದು ಹೊಸ್ತಿಲಲ್ಲೇ ಕೂತುಬಿಟ್ಟ.

ಅದಾದ ಮೇಲೆ ಅವನು ಬಂದಾಗಲೆಲ್ಲ ತಂಗಿಯನ್ನು ವಿಚಾರಿಸುವುದಕ್ಕಿಂತ ಮುಂಚೆ ಪುಸ್ತಕವನ್ನು ವಿಚಾರಿಸುತ್ತಿದ್ದ.

ಪಾರ್ವತಿ ಅದೇ ವಾರ ನನ್ನ ಕೋಣೆಗೆ ಬಂದಳು. ಹಿಂದಿನ ಬೇಸಿಗೆಯಲ್ಲಿ ಬೀದಿಯ ಒಂದು ಕಷ್ಟದ ಹೆರಿಗೆಗೆ ಆಸ್ಪತ್ರೆಯ ದಾದಿಯೊಬ್ಬರು ಬಂದಿದ್ದರು. ಪಾರ್ವತಿ ಬಿಸಿನೀರು ಕೊಡಲು ಹೋಗಿ, ಕೊನೆಯವರೆಗೂ ಅವರ ಪಕ್ಕದಲ್ಲಿ ನಿಂತಿದ್ದಳು. ತುಮಕೂರಿನಲ್ಲಿ ಸೂಲಗಿತ್ತಿಯ ಕೆಲಸ ಕಲಿಸುತ್ತಾರೆ, ಇರಲು ಜಾಗ ಕೊಡುತ್ತಾರೆ, ಓದು ಬರಹ ಬಂದಿರಬೇಕು ಎಂದು ದಾದಿ ಹೇಳಿದ್ದರಂತೆ. ಅವಳು ಮೂರನೆಯ ತರಗತಿಯಲ್ಲಿ ಶಾಲೆ ಬಿಟ್ಟವಳು.

"ಕಲಿಸ್ತೀರಾ ಅಕ್ಕಾ?"

"ಎಷ್ಟು ದಿನವಿದೆ?"

"ಮುಂದಿನ ಬೇಸ್ಗೆಗೆ ಸೇರುಸ್ಕೋತಾರಂತೆ. ಅಲ್ಲೀವರ್ಗೂ ಅಣ್ಣ ಸುಮ್ನಿರ್ಬೇಕು." ಬಾಗಿಲ ಕಡೆ ನೋಡಿ ದನಿ ತಗ್ಗಿಸಿ ಹೇಳಿದಳು: "ಅವ್ರೆಲ್ಲಾ ಮೂರನೇ ಭಾಗ ಬೇಗ ಬರ್ಲಿ ಅಂತ ಕಾಯ್ತಾರೆ. ನಾನು ಬರ್ದೆ ಇರ್ಲಿ ಅಂತ ದಿನಾ ಕೈ ಮುಗೀತೀನಿ."

ನನಗೂ ಮನೆಯಿಂದ ಬರುತ್ತಿದ್ದ ಕಾಗದಗಳಲ್ಲಿ ಮದುವೆಯ ಪ್ರಶ್ನೆಯಿರುತ್ತಿತ್ತು. ಅದು ಈ ಬರಹಕ್ಕೆ ಸೇರಿದ್ದಲ್ಲ. ಕಲಿಸುತ್ತೇನೆ ಎಂದೆ.

ಬೇರೆ ಪುಸ್ತಕ ಇರಲಿಲ್ಲವೆಂದಲ್ಲ. ಆದರೆ ಪಾರ್ವತಿ ಅಂಬುಜಾಕ್ಷಿಯಲ್ಲೇ ಓದಲು ಕಲಿತಳು. ಕೇಳಿ ಕೇಳಿ ಮಾತುಗಳು ಬಾಯಲ್ಲಿದ್ದವು, ಅಕ್ಷರವನ್ನು ಅದಕ್ಕೆ ಜೋಡಿಸಿದರೆ ಸಾಕಾಗಿತ್ತು. ದೀಪಾವಳಿಯ ಹೊತ್ತಿಗೆ ಪಡಸಾಲೆಯಲ್ಲಿ ಮೂರನೆಯ ಸಲದ ಓದು ಶುರುವಾದಾಗ ಪುಸ್ತಕ ಅವಳ ಕೈಯಲ್ಲಿತ್ತು. ಮೊದಲು ತಡವರಿಸಿದಳು. ಹನುಮಕ್ಕ, "ಬುಡವ್ವ, ಮುಂದಿಂದು ನಾನೇ ಹೇಳ್ತೀನಿ," ಎಂದು ಪುಟಗಟ್ಟಲೆ ಬಾಯಿಪಾಠ ಒಪ್ಪಿಸಿದಳು. ಎರಡು ತಿಂಗಳಲ್ಲಿ ಅವಳ ಬಾಯಿಗಿಂತ ಪಾರ್ವತಿಯ ಕಣ್ಣು ಮುಂದಾಯಿತು. ಗಂಗಮ್ಮನವರು ಸೊಸೆ ಓದುವುದನ್ನು ಕೇಳುತ್ತ ಕೂರುತ್ತಿದ್ದರು. ಹಡಗಿನ ಅಧ್ಯಾಯ ಬಂದಾಗ ಎದ್ದು ಒಳಗೆ ಹೋಗುತ್ತಿದ್ದರು.

ಚಳಿಗಾಲದಲ್ಲಿ ಇನ್ನೊಂದು ಕಾರ್ಡು ಬಂತು. ಬರವಣಿಗೆ ಮುಗಿದಿದೆ, ಕಾಗದ ಸಿಕ್ಕುತ್ತಿಲ್ಲ ಎಂದು. ಯುದ್ಧದಿಂದ ಶಾಲೆಗೂ ಕಾಗದದ ಅಭಾವವಿದ್ದು, ಮಕ್ಕಳು ಒಂದೇ ಹಾಳೆಯಲ್ಲಿ ಎರಡು ಸಲ ಬರೆಯುತ್ತಿದ್ದರು. ಜುಲೇಖಾಬಿ ಒಂದು ದಿನ ತಮ್ಮ ಮನೆಯಲ್ಲಿದ್ದ ಹಳೆಯ ಕಂದು ಕಾಗದಗಳನ್ನೆಲ್ಲ ಮಡಿಚಿ ತಂದು, "ಇದು ಆಗತ್ತಾ ನೋಡಿ, ಕಳಿಸ್ರಿ ಅವ್ರಿಗೆ," ಎಂದರು. ಆಗುವುದಿಲ್ಲ ಎಂದು ವಿವರಿಸಿದೆ. ಅವರು ಅದನ್ನು ವಾಪಸು ತೆಗೆದುಕೊಂಡು ಹೋಗಲಿಲ್ಲ.

ಮತ್ತೆ ಹುಣಸೆ ಬಂತು. ಪಾರ್ವತಿಯ ಅರ್ಜಿಯನ್ನು ನಾನೇ ನೋಡಿ ಕಳಿಸಿದೆ. ಅವಳ ಅಕ್ಷರ ದುಂಡಗಿತ್ತು, ಒಂದೇ ಒಂದು ತಪ್ಪಿತ್ತು, ಅದನ್ನು ತಿದ್ದಲಿಲ್ಲ. ಯುಗಾದಿ ಕಳೆದ ಮೇಲೆ ಬಂದು ಕಾಣುವಂತೆ ಉತ್ತರ ಬಂತು. ತೋವಿನಕೆರೆಯವರು ಇನ್ನು ಕಾಯುವುದಿಲ್ಲವೆನ್ನುತ್ತಿದ್ದಾರೆ ಎಂದು ರುದ್ರಪ್ಪ ಹೇಳಿಕಳಿಸಿದ. ಪುಸ್ತಕ ಬಂದ ದಿನವೇ ಮಂಗಳ ಮಾಡಿ, ಮರುದಿನ ಹಿರಿಯರನ್ನು ಕರೆಸುವುದು ಎಂದು ನಿಶ್ಚಯವಾಗಿತ್ತು.

ಶಿವರಾತ್ರಿ ಮುಗಿದ ಎರಡನೆಯ ದಿನ, ಮಧ್ಯಾಹ್ನ, ಟಪಾಲಿನ ನರಸಪ್ಪ ಬಂದ. ಬೆಟ್ಟದ ಬಂಡೆಯ ಝಳ ಬೀದಿಗೆಲ್ಲ ಹರಡಿದ್ದ ಹೊತ್ತು; ಪಡಸಾಲೆಯಲ್ಲಿ ಯಾರೂ ಇರಲಿಲ್ಲ, ಊಟಕ್ಕೆ ಹೋಗಿದ್ದರು. ರುಜು ಹಾಕಿ ಕಟ್ಟು ತೆಗೆದುಕೊಂಡೆ. ಬಿಚ್ಚುವ ಮುಂಚೆಯೇ ಏನೆಂದು ತಿಳಿದಿತ್ತು. ತೆಳ್ಳಗಿತ್ತು, ಕಾಗದ ಹಳದಿಗಟ್ಟಿತ್ತು, ಹಾಳೆಗಳ ಅಂಚು ಕತ್ತರಿಸಿರಲಿಲ್ಲ. ನಾನು ಅದನ್ನು ಮತ್ತೆ ಸುತ್ತಿ, ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗಿಟ್ಟು ಬೀಗ ಹಾಕಿದೆ.

ಪಾರ್ವತಿಗೂ ಹೇಳಲಿಲ್ಲ. ಹೇಳಿದರೆ ಆ ಬಚ್ಚಿಡುವ ಕೆಲಸದಲ್ಲಿ ಅವಳೂ ಪಾಲುಗಾರ್ತಿಯಾಗುತ್ತಿದ್ದಳು. ಓದಲೂ ಇಲ್ಲ. ಒಂದು ವರ್ಷ ಜೊತೆಯಲ್ಲಿ ಕಾದವರಿಗೆ ಕೊಡದೆ ನಾನೊಬ್ಬಳೇ ಹಾಳೆ ಕತ್ತರಿಸುವುದು ಸರಿಯೆನಿಸಲಿಲ್ಲ. ಮಾಡಿದ್ದು ಸರಿಯೋ ತಪ್ಪೋ ಎಂದು ಆಗ ಬಹಳ ಯೋಚಿಸಿದೆನೆಂದು ಹೇಳಲಾರೆ. ಐದು ವಾರ ಕಳೆಯಬೇಕಿತ್ತು, ಅಷ್ಟೆ.

ಯಾರಾದರೂ ನೇರವಾಗಿ ಕೇಳಿದರೆ ಏನು ಹೇಳಬೇಕೆಂಬ ಭಯವಿತ್ತು. ಆದರೆ ಒಂದು ವಿಚಿತ್ರ ಗಮನಿಸಿದೆ. ಆ ವಾರದಿಂದ ಯಾರೂ ಕೇಳಲಿಲ್ಲ. ವರ್ಷವಿಡೀ ಕೊಡತಿ ಕೈಗೆ ತೆಗೆದುಕೊಳ್ಳುವ ಮೊದಲು "ಬಂತಾ?" ಎನ್ನುತ್ತಿದ್ದವರು ಈಗ ಬಿಸಿಲಿನ ಮಾತಾಡಿದರು, ಸೀಮೆಎಣ್ಣೆಯ ಮಾತಾಡಿದರು. ರುದ್ರಪ್ಪ ಬಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಹನುಮಕ್ಕ, "ಅದಿನ್ನೆಲ್ಲಿ ಬತ್ತೈತಣ್ಣ, ಬರೆಯೋನು ಸತ್ತೇ ಹೋದ್ನೋ ಏನೋ," ಎಂದುಬಿಟ್ಟಳು. ಇಷ್ಟು ದಿನದ ತಾಳ್ಮೆ ಕಡೆಗೆ ಹೀಗೆ ಸದ್ದಿಲ್ಲದೆ ಮುಗಿಯುತ್ತದೆ, ಜನ ಮರೆಯುತ್ತಾರೆ ಎಂದುಕೊಂಡೆ. ಸ್ವಲ್ಪ ಬೇಸರವೂ ಆಯಿತು.

ಯುಗಾದಿಯ ಮರುದಿನ ಪಾರ್ವತಿ ಅತ್ತೆಯ ಮುಂದೆ ನಿಂತು, ತುಮಕೂರಿನ ಕಾಗದವನ್ನು ತಾನೇ ಗಟ್ಟಿಯಾಗಿ ಓದಿದಳು. ನಾನು ನನ್ನ ಹೊಸ್ತಿಲಲ್ಲಿದ್ದೆ. ಗಂಗಮ್ಮನವರು ಪೂರ್ತಿ ಕೇಳಿ, "ಇನ್ನೊಂದ್ಸಲ ಓದು," ಎಂದರು. ಓದಿದಳು.

"ಈ ಮನೆ ಸೊಸೆ ಅಂತಾನೇ ಬರೆಸ್ತೀಯಾ ಅಲ್ಲಿ?"

"ಹ್ಞೂಂ ಅತ್ತೆ. ಅರ್ಜೀಲೂ ಅಂಗೇ ಬರ್ದಿದ್ದೀನಿ."

"ಸರಿ. ನಿಮ್ಮಣ್ಣನ ಮಾತು ನಾನು ನೋಡ್ಕೋತೀನಿ. ರೊಟ್ಟಿ ಕಟ್ಕೊಂಡು ಹೋಗು, ಅಲ್ಲಿ ಏನು ಹಾಕ್ತಾರೋ."

ಇದ್ದಿಲ ಗ್ಯಾಸಿನ ಬಸ್ಸು ಹೊಗೆಯುಗುಳುತ್ತ ಒಂದು ಗಂಟೆ ನಿಂತು ಹೊರಟಿತು. ಪಾರ್ವತಿ ಕಿಟಕಿಯಿಂದ ತಲೆ ಹೊರಗೆ ಹಾಕಲಿಲ್ಲ. ಟಿಕೀಟಿನ ಮೇಲಿದ್ದ ಅಕ್ಷರಗಳನ್ನು ಓದುತ್ತಿದ್ದಳು. ನಾಲ್ಕು ದಿನದ ಮೇಲೆ ಸೇರಿಸಿಕೊಂಡರೆಂದು ಕಾಗದ ಬಂತು. ಅದನ್ನು ನಾನು ಗಂಗಮ್ಮನವರಿಗೆ ಓದಿ ಹೇಳಿದೆ. ಅವರು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಇನ್ನ ಆ ಪುಸ್ತಕ ತೆಗೀರಿ ಮೇಷ್ಟ್ರಮ್ಮ."

"ಯಾವ ಪುಸ್ತಕ?"

"ನಿಮ್ ಪೆಟ್ಟಿಗೇಲಿ ಐತಲ್ಲ, ಅದು."

ನಾನು ಸೆರಗಿನ ತುದಿಯ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡೆ.

"ಬೆಂಗಳೂರಿಂದ ಮೇಷ್ಟ್ರಮ್ಮಂಗೆ ಪುಸ್ತಕ ಬಂತು ಅಂತ ನರಸಪ್ಪ ಅವತ್ತೇ ಬಾವಿ ಕಟ್ಟೆ ಹತ್ರ ಹೇಳ್ದ. ಅವ್ನೂ ಕಾಯ್ತಿದ್ನಲ್ಲ, ಪಾಪ."

"ಎಲ್ಲರಿಗೂ ಗೊತ್ತಿತ್ತೇ?"

"ಹನುಮಕ್ಕನ ಕಿವಿಗೆ ಬಿದ್ಮೇಲೆ ಇನ್ಯಾರಿಗೆ ಗೊತ್ತಿರಾಕಿಲ್ಲ?"

"ಕೇಳಲೇ ಇಲ್ಲವಲ್ಲ ನೀವು ಯಾರೂ."

"ಕೇಳಿದ್ರೆ ಕೊಟ್ಬುಡ್ತಿದ್ರಿ. ಸುಳ್ಳು ಹೇಳಾಕೆ ನಿಮಗೆ ಬರಾಕಿಲ್ಲ. ಮಂಗಳ ಆಗಿದ್ರೆ ರುದ್ರಪ್ಪ ತಡೀತಿರ್ಲಿಲ್ಲ, ಹುಡ್ಗಿ ತೋವಿನಕೆರೆಗೆ ಹೋಗ್ತಿತ್ತು. ಒಂದು ವರ್ಷ ಕಾದೋರ್ಗೆ ಐದು ವಾರ ಏನ್ ಮಹಾ? ಜುಲೇಖಾಬಿ ಮಾತ್ರ, 'ಯಾ ಅಲ್ಲಾ, ಹೊಟ್ಟೆ ಉರೀತೈತೆ ಗಂಗಮ್ಮ, ಬಾಗ್ಲು ತಟ್ಟಿದೋರು ಯಾರು ಅಂತ ಒಂದು ಹಾಳೆ ಮಾತ್ರ ನೋಡ್ಸಿ' ಅಂತ ದಿನಾ ನನ್ ಜೀವ ತಿಂದ್ಳು."

ನಾನು ಒಳಗೆ ಹೋಗಿ ಬೀಗ ತೆಗೆದೆ. ಗುಟ್ಟು ಕಾಯುವುದು ನನಗೆ ಚೆನ್ನಾಗಿ ಬರುತ್ತದೆಂದು ಆವರೆಗೆ ತಿಳಿದಿದ್ದೆ.

ಅಂದು ಸಂಜೆ ಪಡಸಾಲೆ ತುಂಬಿತ್ತು. ನರಸಪ್ಪ ಬೀದಿಯ ಕಟ್ಟೆಯ ಮೇಲೆ ಕೂತಿದ್ದ. ಗಂಗಮ್ಮನವರು ದೀಪ ಹಚ್ಚಿದರು. ನಾನು ಚಾಕುವಿನಿಂದ ಹಾಳೆಗಳನ್ನು ಬಿಡಿಸುತ್ತ ಓದಿದೆ. ನನಗೂ ಅದು ಮೊದಲ ಓದು. ಅಗಳಿ ಸರಿಯಿತು. ಹೊರಗೆ ನಿಂತಿದ್ದವನು ಗಂಡನೇ. ಜುಲೇಖಾಬಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಹನುಮಕ್ಕ, "ಒದೀಲಿಲ್ವಲ್ಲ ಸದ್ಯ," ಎಂದಳು. ಉಳಿದದ್ದೆಲ್ಲ ಅವಸರದ ಬರವಣಿಗೆ. ಇಬ್ಬರೂ ಊರಿಗೆ ಹಿಂದಿರುಗುತ್ತಾರೆ, ತೋರಣ ಕಟ್ಟುತ್ತಾರೆ, ಊಟವಾಗುತ್ತದೆ. ಇಷ್ಟು ದಿನ ತಡಮಾಡಿದವರು ಇನ್ನೂ ಸ್ವಲ್ಪ ತಡಮಾಡಬಹುದಿತ್ತು ಎನಿಸಿತು.

ಗಂಗಮ್ಮನವರು ಕಂಬಕ್ಕೊರಗಿ, ಕಡೆಯವರೆಗೂ ಅಲುಗಾಡದೆ ಕೇಳಿದರು.

"ಇಷ್ಟು ದಿನ ಅವ್ನು ಎಲ್ಲಿದ್ದ?" ಎಂದರು.

ನಾನು ಹಾಳೆಗಳನ್ನು ಹಿಂದಕ್ಕೆ ತಿರುವಿದೆ. ಅದು ಎಲ್ಲೂ ಇಲ್ಲವೆಂದು ಗೊತ್ತಿದ್ದರೂ ತಿರುವಿದೆ.

"ಬರೆದಿಲ್ಲ," ಎಂದೆ.

"ಯಾಕೆ ಕಾಗದ ಹಾಕ್ಲಿಲ್ಲ ಅಂತ?"

"ಅದೂ ಇಲ್ಲ."

ಆರತಿಯ ತಟ್ಟೆ ಸಿದ್ಧವಾಗಿತ್ತು. ಹನುಮಕ್ಕ ಮಂಗಳ ಹಾಡಲು ಗಂಟಲು ಸರಿಮಾಡಿಕೊಂಡಳು. ಗಂಗಮ್ಮನವರು ಕೈಯೆತ್ತಿ ತಡೆದರು.

"ಮಂಗಳ ಬ್ಯಾಡ. ಅದ್ನ ಬರೀದೆ ಹೆಂಗೆ ಮುಗೀತೈತೆ? ಇನ್ನೊಂದು ಭಾಗ ಐತೆ ಬುಡು." ನನ್ನ ಕಡೆ ನೋಡಿದರು. "ಅಲ್ವಾ ಮೇಷ್ಟ್ರಮ್ಮ?"

ಪುಸ್ತಕ ನನ್ನ ತೊಡೆಯ ಮೇಲೆ ತೆರೆದೇ ಇತ್ತು. ಕೊನೆಯ ಪುಟದ ಕೆಳಗೆ, ನಡುಮಧ್ಯದಲ್ಲಿ, ಒಂದು ಪದ ಅಚ್ಚಾಗಿತ್ತು. ಅದೊಂದನ್ನು ನಾನು ಓದಲಿಲ್ಲ.